ಕೊಕ್ಕಿನಲ್ಲಿದ್ದ ಬೇವುಸೊಪ್ಪು

ಬಸ್ಸಿನ ಮಗ್ಗುಲಿಗೆ ಹತ್ತಿದ ಮರಳುಧೂಳನ್ನು ಕಜೆತಾನ್ ಕರವಸ್ತ್ರದಿಂದ ಒರೆಸುತ್ತಿದ್ದ. ಕೊರಗಪ್ಪನ ದಹನಕ್ಕೆ ಜನರನ್ನು ಒಯ್ಯುವ ಬಸ್ಸು; ಅದರ ಮೇಲಿನ ‘ನೆರೆಕರೆ ಶಾಂತಿ ಬಳಗ’ದ ಪಾರಿವಾಳವಾದರೂ ಇವತ್ತು ಚೊಕ್ಕವಾಗಿ ಕಾಣಲಿ ಎಂದು. ಅದನ್ನು ಬರೆದು, ಕತ್ತರಿಸಿ, ಅಂಟಿಸಿದವನು ಕೊರಗಪ್ಪನೇ. ಕೊಲ್ಲಿ ನಾಡಿನ ಈ ಮುಸಫ್ಫಾದ ಬೋರ್ಡಿನಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಅವನಿಗೆ ಅದೇ ಕೆಲಸ. ಮೊನ್ನೆ ಏಣಿಯಿಂದ ಇಳಿದು ಚಾ ಕೇಳಿದವನು, ಚಾ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಮೆಟ್ಟಿಲಿಳಿದು ಬಂದ ಕೊರಗಪ್ಪನ ಹೆಂಡತಿ ಲೋಲಾಕ್ಷಿ ಬಸ್ಸಿನ ಬಳಿ ನಿಂತಳು. ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆ ಕಜೆತಾನನನ್ನು ಇಲ್ಲಿಯೂ ಎಲ್ಲರೂ ‘ಪೊರ್ಬುಗಳು’ ಎಂದೇ ಕರೆಯುತ್ತಿದ್ದರು.

“ಪೊರ್ಬುಗಳೇ, ಈ ಹಕ್ಕಿಯ ಬಾಯಲ್ಲಿ ಬೇವುಸೊಪ್ಪು ಇತ್ತಲ್ಲ, ಎಲ್ಲಿ ಹೋಯ್ತು?”

“ಆಲಿವ್ ಎಲೆ ಮಾಡಿಸಿದ್ದು ಅಕ್ಕ. ಶಾಂತಿಯ ಗುರುತಿಗೆ ಎಲ್ಲ ಕಡೆ ಅದೇ ಅಲ್ವಾ? ಹೋದ ವರ್ಷ ಕೊರಗಪ್ಪಣ್ಣನೇ ಅಂಟಿಸಿದ್ರು.”

“ಮನೆಯಲ್ಲಿ ಹೇಳ್ಲೇ ಇಲ್ಲ. ಇವತ್ತೊಂದು ದಿನ ಅದು ಇರ್ಬೇಕಿತ್ತು.”

ಕಜೆತಾನ್ ತಲೆ ತಗ್ಗಿಸಿದ.

*

ಹೋದ ವರ್ಷ ದುಬೈಯ ಸಭೆಯೊಂದರಲ್ಲಿ ಯಾರೋ ಹಕ್ಕಿಯ ಬಾಯಲ್ಲಿದ್ದ ಬೇವುಸೊಪ್ಪನ್ನು, ಅಂದರೆ ಕರಿಬೇವನ್ನು, ಕಂಡು “ಇದೆಂತ, ಸಾಂಬಾರಿನ ಒಗ್ಗರಣೆಯಾ?” ಎಂದು ನಕ್ಕಿದ್ದರು. ಬಳಗದ ಕಾರ್ಯದರ್ಶಿಯಾದ ಕಜೆತಾನನಿಗೆ ಮುಖ ಎತ್ತಲಾಗಿರಲಿಲ್ಲ. ಆ ಸಿಟ್ಟನ್ನೆಲ್ಲ ಮರುದಿನ ಬೋರ್ಡಿನಂಗಡಿಗೇ ತಂದಿದ್ದ.

“ಆಲಿವ್ ಎಲೆ ಗೊತ್ತಿಲ್ದಿದ್ರೆ ಕೇಳ್ಬಾರ್ದಿತ್ತಾ? ಅದೂ ಕಡ್ಡಿ ನಡುವಲ್ಲಿ ತುಂಡಾಗಿದೆ. ಬ್ಲೇಡ್ ಜಾರಿದ್ದಾ?”

“ಜಾರ್ಲಿಲ್ಲ ಪೊರ್ಬುಗಳೇ.” ಕೊರಗಪ್ಪ ನಕ್ಕಿದ್ದ. “ಇರ್ಲಿ, ನಿಮಗೆ ಆಲಿವೇ ಹಾಕುವ.”

ಅಷ್ಟೇ. ಶುಕ್ರವಾರ ಬಂದು ಅಂಟಿಸಿ ಹೋಗಿದ್ದ.

*

ಡ್ರೈವರ್ ಜಲೀಲ್ ಬಸ್ಸಿನಿಂದ ಇಳಿದು ಬಂದ. “ಹಕ್ಕಿಯ ಬಾಯಲ್ಲಿದ್ದ ಆ ತುಂಡು ಕಡ್ಡಿ ಯಾವುದಂತ ನಿಮಗೆ ನಿಜವಾಗಿ ಗೊತ್ತಾಗ್ಲಿಲ್ವಾ ಪೊರ್ಬುಗಳೇ?”

“ಯಾವುದು?”

“ಪಾರ್ಕಿಂಗಿಗೆ ಜಗಳ ಮಾಡಿ ನಾವಿಬ್ರೂ ಒಂದು ವರ್ಷ ಮಾತು ಬಿಟ್ಟಿದ್ದೆವಲ್ಲ. ಉಪವಾಸದ ತಿಂಗಳು. ಬೇವುಸೊಪ್ಪು ತರ್ಲಿಕ್ಕೆ ನಿಮ್ಮ ಮನೆಯಿಂದ ಎಲ್ಸಿಬಾಯಿ ನಿಮ್ಮನ್ನು ಕಳಿಸಿದ್ರು, ನಮ್ಮ ಮನೆಯಿಂದ ಆಮಿನಮ್ಮ ನನ್ನನ್ನು. ಲೋಲಾಕ್ಷಕ್ಕನ ಚಟ್ಟಿಯ ಗಿಡದಲ್ಲಿ ಇದ್ದದ್ದು ಒಂದೇ ಕಡ್ಡಿ.”

ಕಜೆತಾನನಿಗೆ ಈಗ ಎಲ್ಲ ಕಣ್ಣಿಗೆ ಕಟ್ಟಿತು. ಕೊರಗಪ್ಪ ಆ ಕಡ್ಡಿಯನ್ನು ಪಟ್ಟನೆ ಎರಡು ತುಂಡು ಮಾಡಿ ಇಬ್ಬರ ಕೈಗೂ ಕೊಟ್ಟು, “ಸಾಲದಿದ್ರೆ ಇನ್ನರ್ಧ ಅವರ ಹತ್ರ ಉಂಟು, ಕೇಳಿ” ಎಂದು ಬಾಗಿಲು ಹಾಕಿಕೊಂಡಿದ್ದ. ಮುಚ್ಚಿದ ಬಾಗಿಲಿನ ಮುಂದೆ ಇಬ್ಬರಿಗೂ ನಗು ತಡೆಯಲಾಗಿರಲಿಲ್ಲ. ಆ ಸಂಜೆ ಜಲೀಲನ ಮನೆಯಲ್ಲಿ ಗಂಜಿ ಕುಡಿಯುತ್ತ ಕಟ್ಟಿದ್ದೇ ಈ ಬಳಗ. ಅದಕ್ಕಾಗಿ ಕೊರಗಪ್ಪನಿಗೆ ಒಂದು ಉಪಕಾರದ ಮಾತನ್ನೂ ಅವನು ಹೇಳಿರಲಿಲ್ಲ. ಬದಲಿಗೆ ಬ್ಲೇಡ್ ಜಾರಿತಾ ಎಂದು ಕೇಳಿದ್ದ.

ಅವನು ಆಲಿವ್ ಎಲೆಯ ಅಂಚಿಗೆ ಉಗುರು ಹಾಕಿದ. ಬಿಸಿಲಿಗೆ ಮೆದುವಾಗಿದ್ದ ಸ್ಟಿಕ್ಕರ್ ಸಲೀಸಾಗಿ ಎದ್ದುಬಂತು. ಹಳೆಯದನ್ನು ಕೀಳದೆ ಹೊಸದನ್ನು ಅಂಟಿಸಿದರೆ ಅಂಗಡಿಯವರನ್ನೆಲ್ಲ ಬೈಯುತ್ತಿದ್ದ ಕೊರಗಪ್ಪ, ಇಲ್ಲಿ ಮಾತ್ರ ಕಿತ್ತಿರಲಿಲ್ಲ.

“ಉಪಕಾರ ಆಯ್ತು ಕೊರಗಪ್ಪಣ್ಣ,” ಎಂದ ಕಜೆತಾನ್.

ಲೋಲಾಕ್ಷಿ ಮುಂದೆ ಬಂದು ಸೆರಗಿನ ತುದಿಯಿಂದ ಅಂಟನ್ನು ಒರೆಸಿದಳು. ಬಿಸಿಲಿಗೆ ಹಕ್ಕಿಯ ಬಣ್ಣವೆಲ್ಲ ಹಾರಿಹೋಗಿತ್ತು. ಕೊಕ್ಕಿನಲ್ಲಿದ್ದ ಎರಡು ತುಂಡು ಬೇವುಸೊಪ್ಪು ಮಾತ್ರ ಈಗಷ್ಟೇ ಮುರಿದು ತಂದ ಹಾಗೆ ಹಸಿರಾಗಿತ್ತು.