ಸರಸಕ್ಕ ಓಡಿಸಿದ ರಸ್ತೆ

ಪೆರಂಬೂರಿನ ನಮ್ಮ ಕನ್ನಡ ಸಂಘದಲ್ಲಿ ಯಾವ ಚಿತ್ರವೂ ಊಟದ ಹೊತ್ತನ್ನು ದಾಟುವಂತಿರಲಿಲ್ಲ. ತಾಂಬರಂ ಕಡೆಯಿಂದ ರೈಲು, ಬಸ್ಸು ಬದಲಿಸಿ ಬರುವವರಿದ್ದರು. ಉಂಡು, ಬಿಸಿಲಿಳಿಯುವ ಮೊದಲೇ ಮನೆ ಸೇರಬೇಕೆನ್ನುವುದು ಅವರ ಆಸೆ. ಹಾಗಾಗಿ ರಿಮೋಟು ಯಾವಾಗಲೂ ಸರಸಕ್ಕನ ಕೈಯಲ್ಲಿರುತ್ತಿತ್ತು.

ಕುಂದಾಪುರದ ಕಡೆಯವರಾದ ಸರಸಕ್ಕ ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಸಂಘದ ಭಾನುವಾರದ ಚಿತ್ರಗಳನ್ನು ತಾವೇ ನಡೆಸುತ್ತಿದ್ದರು. ಹಾಡು ಬಂದರೆ ರಿಮೋಟು ಒತ್ತಿ ಮುಂದಕ್ಕೆ ಓಡಿಸುತ್ತಿದ್ದರು. ಹೊಡೆದಾಟ ಬಂದರೆ ಮೊದಲ ಪೆಟ್ಟು ಬಿದ್ದೊಡನೆ ಓಡಿಸಿ, ಖಳನಾಯಕ ನೆಲಕ್ಕೆ ಬಿದ್ದಲ್ಲಿ ನಿಲ್ಲಿಸುತ್ತಿದ್ದರು. ನಾಯಕನ ತಾಯಿ ದೇವರ ಪಟದ ಮುಂದೆ ಅಳತೊಡಗಿದರೆ ಸ್ವಲ್ಪ ಕೇಳಿಸಿ, ಉಳಿದದ್ದನ್ನು ನಾವೇ ಊಹಿಸಿಕೊಳ್ಳುವಂತೆ ಮುಂದಕ್ಕೆ ಹೋಗುತ್ತಿದ್ದರು. ಕತೆಗೆ ಏನೂ ಕೊರತೆಯಾಗುತ್ತಿರಲಿಲ್ಲ. ಒಮ್ಮೆ ಅವರು ಜ್ವರದಿಂದ ಬಾರದೆ ಇದ್ದಾಗ ಚಿತ್ರ ಪೂರ್ತಿ ನಡೆಯಿತು. ನಿರ್ದೇಶಕನಿಗೆ ಕೆಲಸ ಬರುವುದಿಲ್ಲವೆಂದು ಎಲ್ಲರೂ ತೀರ್ಮಾನಿಸಿದರು.

ಅದು ಎರಡು ಸಾವಿರದ ನಾಲ್ಕು. ನಾನು ಬಿ.ಎ. ಮುಗಿಸಿ, ಬ್ಯಾಂಕಿನ ಪರೀಕ್ಷೆಗಳನ್ನು ಬರೆಯುತ್ತ, ಉಳಿದ ಹೊತ್ತಿನಲ್ಲಿ ನುಂಗಂಬಾಕ್ಕಂನಲ್ಲಿ ಬಿಟ್ಟಿಯಾಗಿ ತೋರಿಸುತ್ತಿದ್ದ ವಿದೇಶಿ ಚಿತ್ರಗಳನ್ನು ನೋಡುತ್ತಿದ್ದೆ. ಅಲ್ಲೇ ಆ ಫ್ರೆಂಚ್ ಚಿತ್ರವನ್ನು ಕಂಡದ್ದು. ಅದರಲ್ಲೊಂದು ಉದ್ದನೆಯ ಶಾಟ್ ಇದೆ. ಹಳ್ಳಿಗಾಡಿನ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿವೆ. ಸಾಲನ್ನು ದಾಟಿ ಮುಂದೆ ಹೋಗಲು ನೋಡುವ ನಾಯಕನ ಕಾರಿನ ಜೊತೆಗೆ ಕ್ಯಾಮೆರಾ ಆ ಸಾಲಿನ ಪಕ್ಕದಲ್ಲೇ, ಎಲ್ಲೂ ಕತ್ತರಿಸದೆ, ನಿಧಾನವಾಗಿ ಸಾಗುತ್ತದೆ. ಹಾರ್ನ್ ಮೇಲೆ ಹಾರ್ನ್. ಕಾರಿನಿಂದಿಳಿದವರು ಆಡುತ್ತಾರೆ, ತಿನ್ನುತ್ತಾರೆ, ಜಗಳವಾಡುತ್ತಾರೆ. ನಮಗೆ ಮೊದಲು ನಗು, ಆಮೇಲೆ ಬೇಸರ, ಆಮೇಲೆ ಸಿಟ್ಟು. ಕೊನೆಗೆ ಸಾಲಿನ ತುದಿಯಲ್ಲಿ ರಸ್ತೆಬದಿಗೆ ಬಿದ್ದಿರುವ ಹೆಣಗಳು. ಕ್ಯಾಮೆರಾ ಅಲ್ಲೂ ನಿಲ್ಲುವುದಿಲ್ಲ. ಅಂದು ಆ ಸಭಾಂಗಣದಲ್ಲಿದ್ದ ಕೆಲವೇ ಜನ ಉಸಿರು ಬಿಗಿಹಿಡಿದಂತೆ ಮೌನವಾದರು. ಆ ಮೌನ ನನ್ನ ಜೊತೆಗೇ ಮನೆಗೆ ಬಂತು. ನಮ್ಮವರ ನಡುವೆ ಕೂತು ಅದನ್ನು ಇನ್ನೊಮ್ಮೆ ಕೇಳಬೇಕೆಂಬ ಹುಚ್ಚು ಹಿಡಿಯಿತು.

ಸಂಘದ ಅಧ್ಯಕ್ಷರು ಶಂಕರನಾರಾಯಣ. ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಪ್ರತಿ ತಿಂಗಳ ಮೂರನೇ ಭಾನುವಾರವನ್ನು ಜಗತ್ತಿನ ಒಳ್ಳೆಯ ಚಿತ್ರಗಳಿಗೆ ಬಿಟ್ಟುಕೊಡಿ ಎಂದು ಕೇಳಿದೆ.

"ಆ ಭಾನುವಾರ ಹೌಸಿ, ಅದೇ ತಂಬೋಲ, ಆಡೋರು ಕೇಳ್ತಿದಾರೆ ಕಣಯ್ಯಾ ಶ್ರೀಕಾಂತ," ಎಂದರು. "ಒಂದ್ ಕೆಲ್ಸ ಮಾಡು. ನಿನ್ ಚಿತ್ರ ಒಂದ್ಸಲ ಹಾಕು. ಜನ ಕೊನೇವರ್ಗೂ ಕೂತಿದ್ರೆ ಭಾನುವಾರ ನಿಂದು. ಎದ್ದು ಹೋದ್ರೆ ಹೌಸಿಗೆ. ಆಗ್ಬೋದಾ?"

ಆಗಬಹುದು ಎಂದೆ. ಆಮೇಲೆ ಸರಸಕ್ಕನ ಹತ್ತಿರ ಹೋಗಿ, ಇದರಲ್ಲಿ ಏನನ್ನೂ ಓಡಿಸಬಾರದೆಂದು ಬೇಡಿಕೊಂಡೆ.

"ಹಾಡು ಉಂಟಾ?"

"ನಮ್ಮ ಚಿತ್ರದ ಥರ ಇಲ್ಲ."

"ಹಾಡೇ ಇಲ್ದಿರೆ ನಾನ್ ಎಂತಕ್ಕೆ ಓಡ್ಸುದು ಮಾರಾಯ?"

ಆ ಭಾನುವಾರ ಕುರ್ಚಿಗಳೆಲ್ಲ ತುಂಬಿದವು. ಕಾರಣ ಫ್ರೆಂಚ್ ಚಿತ್ರವಲ್ಲ. ತ್ರಿಪ್ಲಿಕೇನಿನಲ್ಲಿ ಹೋಟೆಲು ನಡೆಸುವ ಭೋಜರಾಜರು ಅಂದಿನ ಊಟ ತಮ್ಮದೆಂದು ಹೇಳಿದ್ದರು. ನಾನು ಪರದೆಗಿಂತ ಜನರ ಬೆನ್ನುಗಳೇ ಚೆನ್ನಾಗಿ ಕಾಣುವ ಹಾಗೆ ಹಿಂದಿನ ಗೋಡೆಗೆ ಒರಗಿ ನಿಂತೆ.

ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ಆ ರಸ್ತೆ ಬಂತು. ಮೊದಮೊದಲು ಜನ ನಕ್ಕರು. ಸರಿಯಾಗಿ ನಗಬೇಕಾದಲ್ಲೇ ನಕ್ಕರು ಎಂದು ನನಗೆ ಹೆಮ್ಮೆಯಾಯಿತು. ಕ್ಯಾಮೆರಾ ಮುಂದೆ ಸಾಗಿತು. ಹಾರ್ನ್. ಇನ್ನೊಂದು ಕಾರು. ಹಾರ್ನ್.

"ಎಂಥ ಮಾರಾಯ್ರೆ ಇದು?" ಭೋಜರಾಜರು ಯಾರಿಗೆಂದಿಲ್ಲದೆ ಕೇಳಿದರು. "ಈಗಷ್ಟೇ ಮೌಂಟ್ ರೋಡಿನಲ್ಲಿ ಇದನ್ನೇ ನೋಡಿಕೊಂಡು ಬಂದದ್ದು ನಾನು."

"ಅಲ್ಲಿ ಮರ ಇರ್ಲಿಲ್ವಲ್ಲ, ಇಲ್ಲಿ ಮರ ನೋಡಿ," ಎಂದಿತು ಇನ್ನೊಂದು ದನಿ.

ಒಬ್ಬರು ಎದ್ದು ಹೋಗಿ ನೀರು ಕುಡಿದು ಬಂದು, ಏನಾಯಿತು ಎಂದು ಕೇಳಿದರು. ಏನೂ ಆಗಿಲ್ಲ ಎಂದರು ಪಕ್ಕದವರು. ಅಧ್ಯಕ್ಷರ ಮೊಮ್ಮಗಳು ಚಿನ್ಮಯಿ ತಾತನ ತೋಳು ಎಳೆದಳು. "ತಾತಾ, ಸೆಮ ಬೋರ್. ಪೋಲಾಮಾ?"

"ಸುಮ್ನಿರೇ. ಕೂತಿರ್ಬೇಕು ಅಂತ ಹೇಳಿದೋನು ನಾನೇ. ನಾನೇ ಎದ್ರೆ ಚೆನ್ನಾಗಿರತ್ತಾ?"

ಆದರೆ ಎಡಗಡೆ ಸಾಲಿನಲ್ಲಿ ಚಪ್ಪಲಿ ಹುಡುಕುವ ಸದ್ದು ಶುರುವಾಗಿತ್ತು. ಇಬ್ಬರು ಎದ್ದರು. ಅವರನ್ನು ನೋಡಿ ಒಂದು ಕುಟುಂಬ ಚೀಲ ಎತ್ತಿಕೊಂಡಿತು. ಹೌಸಿಯ ತಂಡದವರು ಮಾತ್ರ ಅಲ್ಲಾಡದೆ ಕೂತು, ಏಳುವವರನ್ನು ಕಣ್ಣಲ್ಲೇ ಎಣಿಸುತ್ತಿದ್ದರು. ಇನ್ನೂ ಅರ್ಧ ರಸ್ತೆಯೂ ಮುಗಿದಿರಲಿಲ್ಲ. ಕೂತ್ಕೊಳ್ಳಿ, ಕೊನೆಯಲ್ಲಿ ಒಂದಿದೆ ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಆ ಕೊನೆಗೆ ಅರ್ಥವಿರುವುದಿಲ್ಲ.

ಸರಸಕ್ಕ ಒಮ್ಮೆ ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಕೈ ಎತ್ತಿ ಓಡಿಸಿದರು.

ಹಾರ್ನ್ ಸದ್ದು ಥಟ್ಟನೆ ನಿಂತಿತು. ಮರಗಳು ಓಡಿದವು, ಕಾರುಗಳು ಓಡಿದವು, ಜನ ಇರುವೆಗಳಂತೆ ಹರಿದಾಡಿದರು. ಇಡೀ ಸಭಾಂಗಣದಲ್ಲಿ ಫ್ಯಾನುಗಳ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಎದ್ದವರು ಎದ್ದಲ್ಲೇ ನಿಂತು ನೋಡಿದರು. ಇಷ್ಟು ದಿನ ನಾನು ಬಯಸಿದ ಮೌನ, ಅದೇ ಅಳತೆಯದು, ಪರದೆ ಮತ್ತು ಜನರ ನಡುವೆ ಬಂದು ನಿಂತಿತ್ತು. ಪರದೆಯ ಮೇಲೆ ಕೆಂಪಗೆ ಏನೋ ಮಿಂಚಿ ಹೋಯಿತು. ಅದು ಏನೆಂದು ತಿಳಿದದ್ದು ನನಗೊಬ್ಬನಿಗೇ. ನಾಯಕನ ಕಾರು ಖಾಲಿ ರಸ್ತೆಗೆ ಬಿದ್ದಾಗ ಸರಸಕ್ಕ ನಿಲ್ಲಿಸಿದರು.

"ಅಬ್ಬಾ! ಬಿಡ್ತು!" ಎಂದು ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಎದ್ದವರು ಕೂತರು.

ನಾನು ಗೋಡೆ ಬಿಟ್ಟು ಮುಂದೆ ಹೋಗಿ, ಬಗ್ಗಿ ಸರಸಕ್ಕನ ಕಿವಿಯಲ್ಲಿ ಹೇಳಿದೆ: "ಓಡಿಸ್ಬೇಡಿ ಅಂದಿದ್ದೆ."

"ಮಾತೇ ಇಲ್ಲ, ಬರೀ ಪೀಂ ಪೀಂ. ಅವರ ದೇಶದ ಹಾಡು ಅಂತ ಮಾಡಿದೆ," ಎಂದರು. ನಂತರ ತಗ್ಗಿದ ದನಿಯಲ್ಲಿ, "ಜನ ಏಳ್ತಾ ಇದ್ರಲ್ಲ ಮಗಾ. ನಿನ್ನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ."

ಚಿತ್ರದ ಉಳಿದ ಭಾಗದಲ್ಲಿ ಮಾತು ವಿಪರೀತವಿತ್ತು, ಹಾಗಾಗಿ ಸರಸಕ್ಕ ಓಡಿಸಲಿಲ್ಲ. ಊಟದ ವಾಸನೆಯೂ ಬರುತ್ತಿತ್ತು. ಒಬ್ಬರೂ ಏಳಲಿಲ್ಲ.

ಮುಗಿದ ಮೇಲೆ ಅಭಿಪ್ರಾಯ ಹೇಳುವುದು ಸಂಘದ ಪದ್ಧತಿ. ಎಲ್ಲರೂ ಆ ರಸ್ತೆಯ ಬಗ್ಗೆಯೇ ಮಾತಾಡಿದರು. ಎಷ್ಟು ಚುರುಕಾಗಿ ತೆಗೆದಿದ್ದಾನೆ ಎಂದರು ಒಬ್ಬರು. ಫ್ರೆಂಚರ ವೇಗವೇ ಬೇರೆ ಎಂದರು ಇನ್ನೊಬ್ಬರು.

"ಎಲ್ಲ ಸರಿ," ಎಂದರು ಭೋಜರಾಜರು, "ಗಾಡಿಗಳು ಯಾಕೆ ನಿಂತದ್ದು ಅಂತ ಹೇಳ್ಲೇ ಇಲ್ಲವಲ್ಲ? ಮುಂದೆ ರೈಲ್ವೆ ಗೇಟು ಹಾಕಿರ್ಬೇಕು."

ಶಂಕರನಾರಾಯಣರು ಕುರ್ಚಿಯಲ್ಲಿ ನೆಟ್ಟಗಾದರು. "ರೀ, ಎಲ್ಲಾದಕ್ಕೂ ರೈಲ್ವೇನೇ ಯಾಕ್ರೀ? ಗೇಟ್ ಎಲ್ಲಿತ್ತು, ತೋರ್ಸಿ ನೋಡೋಣ!"

"ತೋರಿಸದೆ ಇದ್ದದ್ದೇ ಕಲೆ ಅಲ್ವಾ?"

ಮಾತು ಬೆಳೆಯಿತು. ಹೌಸಿಯವರೂ ಎರಡು ಪಂಗಡವಾದರು. ಟೋಲ್ ಇರಬಹುದು, ಮಂತ್ರಿ ಬಂದಿರಬಹುದು, ಹಸು ಅಡ್ಡ ಮಲಗಿರಬಹುದು. ಅನ್ನ ಆರುತ್ತಿದೆ ಎಂದು ಅಡುಗೆಯವರು ಎರಡು ಸಲ ಬಂದು ಹೋದರು. ಈ ಸಂಘದಲ್ಲಿ ಒಂದು ಚಿತ್ರದ ಬಗ್ಗೆ ಜನ ಊಟ ಮರೆತು ಜಗಳವಾಡಿದ್ದು ಅದೇ ಮೊದಲು.

"ನೀನೇ ಹೇಳಪ್ಪಾ," ಎಂದರು ಅಧ್ಯಕ್ಷರು ನನ್ನತ್ತ ತಿರುಗಿ. "ನೋಡಿರೋನು ನೀನು. ಯಾಕೆ ನಿಂತಿದ್ವು?"

ಎಲ್ಲರೂ ನನ್ನ ಕಡೆ ನೋಡಿದರು. ಸರಸಕ್ಕ ಮಾತ್ರ ಸೆರಗಿನ ಅಂಚು ನೋಡುತ್ತಿದ್ದರು. ಹೇಳಿದರೆ ಹೆಣಗಳನ್ನು ತೋರಿಸಬೇಕು. ತೋರಿಸಬೇಕಾದರೆ ರಸ್ತೆಯನ್ನು ಮತ್ತೆ ಮೊದಲಿಂದ, ನಿಧಾನವಾಗಿ ಹಾಕಬೇಕು. ಅವರು ಮತ್ತೆ ಏಳುತ್ತಾರೆ.

"ಅದು ನೋಡುವವರಿಗೆ ಬಿಟ್ಟದ್ದು," ಎಂದೆ.

"ಭೇಷ್!" ಎಂದರು ಶಂಕರನಾರಾಯಣರು. "ಮೂರನೇ ಭಾನುವಾರ ನಿಂದು. ಮುಂದಿನ ತಿಂಗಳು ಯಾವ್ದು?"

"ರಷ್ಯಾದ್ದು. ಸ್ವಲ್ಪ ದೊಡ್ಡದು. ಮೂರು ಗಂಟೆ ಇರಬಹುದು."

ಸಭೆಯಲ್ಲಿ ಸಣ್ಣ ಗಾಬರಿ ಎದ್ದಿತು. ಸರಸಕ್ಕ ತಲೆಯೆತ್ತಿ, "ಊಟದೊಳಗೆ ಮುಗಿಸಿ ಕೊಡ್ತೆ. ನೀವ್ ಯಾರೂ ಮಂಡೆಬಿಸಿ ಮಾಡ್ಬೇಡಿ," ಎಂದರು. ಗಾಬರಿ ಇಳಿಯಿತು. ಅವರು ನನ್ನನ್ನು ನೋಡಿದರು.

"ಆಯ್ತು ಸರಸಕ್ಕ," ಎಂದೆ.

ಮುಂದಿನ ಮೂರು ವರ್ಷ ಪೆರಂಬೂರಿನ ಕನ್ನಡಿಗರು ಜಗತ್ತಿನ ಅತಿ ನಿಧಾನದ ಚಿತ್ರಗಳನ್ನೆಲ್ಲ ಊಟದೊಳಗೆ ನೋಡಿ ಮುಗಿಸಿದರು. ಒಬ್ಬರಾದರೂ ನಡುವೆ ಎದ್ದುಹೋಗಲಿಲ್ಲ.