ಟರ್ಕಿಗೆ ತುಂಬಿದ ಅವರೆಬೇಳೆ

ಹಕ್ಕಿಯ ಹೊಟ್ಟೆಯೊಳಗೆ ಕೈ ತೂರಿಸಿದ್ದ ರಿಷಿ ಹಾಗೆಯೇ ನಿಂತುಬಿಟ್ಟ. ಮುಖ ಹುಳ್ಳಗಾಗಿತ್ತು.

“ಏನೋ ಉದ್ದಕ್ಕಿದೆ ಒಳಗೆ. ತಣ್ಣಗಿದೆ. ತನ್ವಿ, ವಾಟ್ ಈಸ್ ದಿಸ್?”

“ದಟ್ಸ್ ದ ನೆಕ್. ಜಸ್ಟ್ ಪುಲ್ ಇಟ್!” ತನ್ವಿ ಫೋನಿನಲ್ಲಿ ಓಡುತ್ತಿದ್ದ ವಿಡಿಯೋ ನಿಲ್ಲಿಸಿ ಹಿಂದೆ ಸರಿದಳು. “ಡೋಂಟ್ ಲುಕ್, ಅಮ್ಮ.”

ರಾಜಿ ನೋಡುತ್ತಿರಲಿಲ್ಲ. ಒಲೆಯ ಕಡೆ ಮುಖ ಮಾಡಿ, ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿಕೊಂಡು, ಬಾಣಲೆಯಲ್ಲಿದ್ದ ಅಕ್ಕಿತರಿಯನ್ನು ಕೆದಕುತ್ತಿದ್ದಳು. ನೋಡದಿದ್ದರೂ ಅದು ಕಣ್ಣಿಗೆ ಕಟ್ಟಿಕೊಂಡಿತ್ತು. ಬೆಳಿಗ್ಗೆ ಮನ್ರೋದ ತಮ್ಮ ಮನೆಯಿಂದ ಡ್ರೈವ್ ಮಾಡಿಕೊಂಡು ಬಂದಾಗಲೇ ಸಿಂಕಿನಲ್ಲಿ ಬಿದ್ದುಕೊಂಡಿದ್ದನ್ನು ಕಂಡಿದ್ದಳು. ತಣ್ಣೀರಿನಲ್ಲಿ ಬಹಳ ಹೊತ್ತು ಕೂತ ಮಗುವಿನ ಮೈಯಂತೆ ಬಿಳಿಚಿಕೊಂಡ ಚರ್ಮ, ಅದರ ತುಂಬ ಗುಳ್ಳೆ, ಕಾಲುಗಳೆರಡನ್ನೂ ಪ್ಲಾಸ್ಟಿಕ್ ಕೊಕ್ಕೆಯಲ್ಲಿ ಸೇರಿಸಿ ಬಿಗಿದದ್ದು. ಅದರಿಂದ ಇಳಿದ ತೆಳು ಗುಲಾಬಿ ನೀರು ಸಿಂಕಿನ ತೂತಿನ ಸುತ್ತ ತಿರುಗಿ ತಿರುಗಿ ಇಳಿಯುತ್ತಿತ್ತು. ಈ ಮನೆಯಲ್ಲಿ ಇವತ್ತು ಕಾಫಿ ಕೂಡ ಕುಡಿಯುವುದಿಲ್ಲ ಎಂದು ಆಗಲೇ ಅಂದುಕೊಂಡಿದ್ದಳು.

ಆದರೆ ಬರದೆ ಇರುವಂತಿರಲಿಲ್ಲ. ಏಪ್ರಿಲ್‌ನಲ್ಲಿ ತನ್ವಿಗೂ ರಿಷಿಗೂ ಮದುವೆ. ಹೋಬೋಕನ್ನಿನ ಈ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೂ ಸೇರಿ ಮಾಡುತ್ತಿರುವ ಮೊದಲ ಥ್ಯಾಂಕ್ಸ್‌ಗಿವಿಂಗ್ ಇದು, ಟರ್ಕಿ ಹಕ್ಕಿಯನ್ನು ಇಡಿಯಾಗಿ ಬೇಯಿಸುವ ನವೆಂಬರಿನ ಹಬ್ಬ. ಸಂಜೆ ಊಟಕ್ಕೆ ರಿಷಿಯ ತಾಯಿ ಸುಧಾಮಣಿ ಪಾರ್ಸಿಪನಿಯಿಂದ ಬರುವವರಿದ್ದರು. ತಂದೆಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅವರು ಧಾರವಾಡದ ಕಡೆಯವರು, ಮಾಂಸ ತಿನ್ನುವವರು. “ನೀನು ಹಕ್ಕೀನ ಮುಟ್ಟೋದು ಬೇಡ ಅಮ್ಮ, ಜಸ್ಟ್ ದ ಸ್ಟಫಿಂಗ್. ಅರ್ಧ ಕುಂಬಳಕಾಯಿಗೆ ತುಂಬೋಣ, ಅರ್ಧ ಟರ್ಕಿಗೆ,” ಎಂದು ಮಗಳು ವಾರದಿಂದ ಗೋಗರೆದಿದ್ದಳು.

ಸ್ಟಫಿಂಗ್ ಎಂದರೆ ರಾಜಿಯ ಹೆಸರು ಮನ್ರೋದ ಗೆಳೆಯರ ಬಳಗದಲ್ಲೆಲ್ಲ ಓಡುತ್ತಿತ್ತು. ತನ್ವಿ ಶಾಲೆಗೆ ಹೋಗಲು ಶುರುಮಾಡಿದ ವರ್ಷ “ನಮ್ಮನೇಲಿ ಯಾಕೆ ಟರ್ಕಿ ಇಲ್ಲ” ಎಂದು ಅತ್ತಾಗ, ದಪ್ಪಮೆಣಸಿನಕಾಯಿಗೆ ಮೆಂತ್ಯದ ಅನ್ನ ತುಂಬಿ ಓವನ್ನಿನಲ್ಲಿಟ್ಟು ಸಮಾಧಾನ ಮಾಡಿದ್ದಳು. ಆಮೇಲೆ ಪ್ರತಿ ವರ್ಷವೂ ಒಂದೊಂದು. ಕುಂಬಳಕಾಯಿಯೊಳಗೆ ಪುಳಿಯೋಗರೆ, ಎಲೆಕೋಸಿನೊಳಗೆ ನುಚ್ಚಿನುಂಡೆಯ ಹಿಟ್ಟು, ಸೇಬಿನೊಳಗೆ ಗೊಜ್ಜವಲಕ್ಕಿ. ಹಕ್ಕಿಯೇ ಇಲ್ಲದ ಮನೆಯಲ್ಲಿ ತುಂಬುವ ಪದಾರ್ಥದ ಮೇಲೆಯೇ ಹಬ್ಬ ನಿಂತಿತ್ತು. ಈ ವರ್ಷದ್ದು ಹಿತಕಿದ ಅವರೆಬೇಳೆ, ಸಬ್ಬಸಿಗೆ ಸೊಪ್ಪು, ಕಾಯಿತುರಿ ಹಾಕಿದ ಅಕ್ಕಿತರಿ ಉಪ್ಪಿಟ್ಟು. ನೆನೆಸಿದ ಕಾಳನ್ನು ನಿನ್ನೆ ಸಂಜೆ ಟೀವಿ ಮುಂದೆ ಕೂತು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಿದ್ದಳು. ಗಂಡ ಬದರಿಯೂ ಪಕ್ಕದಲ್ಲಿ ಕೂತು ಹಿತುಕಿಕೊಟ್ಟಿದ್ದ.

ಆ ಬದರಿ ಈಗ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಸ್ವಲ್ಪ ಹೊತ್ತು ರಿಷಿಯ ಒದ್ದಾಟ ನೋಡಿದ.

“ಹಾಗೆ ಎಳೆದ್ರೆ ಬರಲ್ಲಪ್ಪ, ಇನ್ನೂ ಮಂಜು ಬಿಟ್ಟಿಲ್ಲ ಅದು. ಬಿಡು, ಕೈ ತೆಗಿ.”

ಸ್ವೆಟರಿನ ತೋಳು ಮಡಚಿ, ಕೈತೊಳೆದುಕೊಂಡು, ಹಕ್ಕಿಯ ಒಳಕ್ಕೆ ಒಂದಿಷ್ಟು ನೀರು ಬಿಟ್ಟ. ಮಣಿಕಟ್ಟನ್ನು ಚೂರು ತಿರುಗಿಸಿದ. ಕತ್ತು ಲೊಚಕ್ಕೆಂದು ಹೊರಬಂತು. ರಾಜಿ ತಿರುಗಿದ್ದು ಆ ಸದ್ದಿಗೆ. ಬದರಿ ಅದನ್ನು ಬೋಗುಣಿಗೆ ಹಾಕಿ, ಹಕ್ಕಿಯನ್ನು ಮಗುಚಿ, ಇನ್ನೊಂದು ತುದಿಯ ಚರ್ಮ ಎತ್ತಿ ಎರಡು ಬೆರಳಲ್ಲಿ ಕಾಗದದ ಪುಟ್ಟ ಚೀಲವೊಂದನ್ನು ಎಳೆದ.

“ಇದು ಯಾರಿಗೂ ನೆನಪಿರಲ್ಲ ನೋಡು. ಕತ್ತು ಆ ಕಡೆ ಇದ್ರೆ ಚೀಲ ಈ ಕಡೆ. ಹಾಗೇ ಬಿಟ್ರೆ ಪೇಪರ್ ಸಮೇತ ಬೇಯುತ್ತೆ.” ಚೀಲ ಹರಿದು ಹಕ್ಕಿಯ ಲಿವರ್, ಕಪ್ಪುಗೆಂಪಿನ ಈಲಿಯೊಂದು, ಅಂಗೈ ಮೇಲೆ ಜಾರಿತು. ಅವನು ಹಕ್ಕಿಯ ರೆಕ್ಕೆಗಳನ್ನು ಹಿಂದಕ್ಕೆ ತಿರುಚಿ ಬೆನ್ನಡಿಗೆ ಸಿಕ್ಕಿಸಿದ. ತಲೆಯಡಿಗೆ ಕೈಮಡಚಿ ಮಲಗಿದ ಹಾಗೆ ಕಂಡಿತು ಅದು. “ರಾಜಿ, ಆ ಬಾಣಲೆ ಇತ್ತ ಕೊಡು. ತೀರಾ ಒತ್ತಿ ತುಂಬಬಾರದು. ತರಿ ಒಳಗೇ ಅರಳುತ್ತೆ.”

ರಾಜಿ ಬಾಣಲೆ ಕೊಡಲಿಲ್ಲ.

“ನಿಮಗೆ ಹೇಗೆ ಗೊತ್ತು ಇದೆಲ್ಲ?”

ಬದರಿಯ ಕೈ ನಿಂತಿತು. ತನ್ವಿ ಫಕ್ಕನೆ ನಕ್ಕಳು. “ಅಪ್ಪ! ಸೀರಿಯಸ್ಲಿ? ಯು ನೆವರ್ ಟೋಲ್ಡ್ ಹರ್?”

“ಏನು ಹೇಳಲಿಲ್ಲ?”

“ಅಡಿವೆಪ್ಪನ ಮನೇಲಿ ಮಾಡ್ತಿದ್ವಲ್ಲ,” ಎಂದ ಬದರಿ, ಎಲ್ಲರಿಗೂ ಗೊತ್ತಿದ್ದ ವಿಷಯ ನೆನಪಿಸುವ ಹಾಗೆ. “ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ. ಆಫೀಸಿನ ಹುಡುಗರೆಲ್ಲ ಸೇರಿ. ಅವನು ಡಲ್ಲಾಸಿಗೆ ಹೋಗೋವರೆಗೂ.”

“ಹಿಂದಿನ ದಿನ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇರುತ್ತೆ, ಬರೋದು ತಡ ಆಗುತ್ತೆ ಅಂತಿದ್ರಿ.”

“ಅದೇ.”

“ತಿಂತಿದ್ರಾ?”

“ಮಾಡಿಟ್ಟು ಬರೀ ಮುಖ ನೋಡ್ಕೊಂಡು ಬರಕ್ಕಾಗತ್ತಾ?” ನಗಲು ನೋಡಿದ.

“ಅಮ್ಮ, ಇಟ್ಸ್ ನಾಟ್ ಎ ಬಿಗ್ ಡೀಲ್,” ಎಂದಳು ತನ್ವಿ. “ಸ್ವಿಮ್ಮಿಂಗ್ ಕ್ಲಾಸ್ ಆದ್ಮೇಲೆ ನಾವಿಬ್ರೂ ಚಿಕನ್ ವಿಂಗ್ಸ್ ತಿಂದೇ ಮನೆಗೆ ಬರ್ತಿದ್ದಿದ್ದು. ಎವ್ರಿ ಸ್ಯಾಟರ್ಡೇ. ಅಪ್ಪ ಕಾರಲ್ಲಿ ಮಿಂಟ್ ಇಟ್ಟಿರ್ತಿದ್ರು.”

ಮಗಳ ಮುಖದಲ್ಲಿ ತಪ್ಪು ಮಾಡಿದ ಲಕ್ಷಣವೇ ಇರಲಿಲ್ಲ. ಬಾಲ್ಯದ ಸಿಹಿಯೊಂದನ್ನು ನೆನೆದು ಅದು ಅರಳಿತ್ತು.

“ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಕಣೇ,” ಎಂದ ಬದರಿ. “ನೀನು ಅಷ್ಟು ಕಷ್ಟಪಟ್ಟು ಬಿಟ್ಟಿದ್ದೆ. ನಿನ್ನ ನಿಷ್ಠೆ ನೋಡಿದ್ರೆ ನನಗೇ ನಾಚಿಕೆ ಆಗೋದು.”

ಕೈಯಿಂದ ನೀರು ತೊಟ್ಟಿಕ್ಕುತ್ತ ನಿಂತಿದ್ದ ರಿಷಿ ಎಲ್ಲಿ ನೋಡಬೇಕೆಂದು ತಿಳಿಯದೆ ಕೇಳಿದ: “ಅಂಕಲ್, ಓವನ್ ಎಷ್ಟು ಡಿಗ್ರಿಗೆ ಇಡಲಿ?”

“ಮುನ್ನೂರ ಇಪ್ಪತ್ತೈದು,” ಎಂದ ಬದರಿ, ತಟ್ಟನೆ.

ಬಾಣಲೆಯನ್ನು ಅವನೇ ಎತ್ತಿಕೊಂಡ. ಅವಳ ಕಣ್ಣೆದುರಿಗೇ ಬೆಳ್ಳಗಿನ ಅವರೆಬೇಳೆ ಅವನ ಬೊಗಸೆಯಿಂದ ಆ ತೆರೆದ ಹೊಟ್ಟೆಯೊಳಕ್ಕೆ ಇಳಿಯಿತು. ಅಂಚಿನಲ್ಲಿ ಅಂಟಿಕೊಂಡಿದ್ದನ್ನು ಹೆಬ್ಬೆರಳಿಂದ ಒಳಕ್ಕೆ ನೂಕಿದ. ನಿನ್ನೆ ಕಾಳು ಹಿತುಕಿದ್ದು ಅದೇ ಹೆಬ್ಬೆರಳು. ರಾಜಿ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ವಾಂತಿ ಬರಲಿಲ್ಲ. ಬಾಯ್ತುಂಬ ನೀರೂರಿ, ಉಗುಳಿ, ಮತ್ತೆ ಊರಿತು.

ಅವಳು ಮದ್ದೂರಿನ ಗೌಡರ ಮನೆಯವಳು. ಬದರಿ ಮೈಸೂರಿನ ಅಗ್ರಹಾರದವನು. ಎರಡೂ ಕಡೆಯವರನ್ನು ಎದುರು ಹಾಕಿಕೊಂಡು ಮಾಡಿಕೊಂಡ ಮದುವೆ. ಮಾಂಸ ಬಿಡು ಎಂದು ಅವನು ಬಾಯಿಬಿಟ್ಟು ಹೇಳಿದವನೇ ಅಲ್ಲ. ಮದುವೆಯಾದ ಹೊಸತರಲ್ಲಿ ಅಣ್ಣನ ಬೀಗರ ಊಟದಲ್ಲಿ ಬಾಡು ಉಂಡು ಬಂದ ರಾತ್ರಿ ಗೋಡೆ ಕಡೆ ಹೊರಳಿ, “ನಿನ್ನ ಉಸಿರಲ್ಲಿ ವಾಸನೆ ರಾಜಿ, ತಡಿಯಕ್ಕಾಗ್ತಿಲ್ಲ” ಎಂದಿದ್ದ. ಅಷ್ಟೆ. ಎದ್ದು ಹೋಗಿ ಒಸಡು ಕಿತ್ತುಬರುವ ಹಾಗೆ ಹಲ್ಲು ತಿಕ್ಕಿದ್ದಳು. ಮೊದಮೊದಲು ಹಟದಿಂದ ಬಿಟ್ಟದ್ದು ಆಮೇಲೆ ಅಭ್ಯಾಸವಾಯಿತು, ಬರಬರುತ್ತ ಮೈಗೇ ಇಳಿಯಿತು. ಅಂಗಡಿಯಲ್ಲಿ ಮಾಂಸ ಜೋಡಿಸಿಟ್ಟ ಸಾಲನ್ನು ಉಸಿರು ಬಿಗಿಹಿಡಿದು ದಾಟುವಳು. ಒಳಗೊಳಗೇ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಬಾಣಂತನಕ್ಕೆಂದು ಅವ್ವ ಮದ್ದೂರಿನಿಂದ ಇಲ್ಲಿಗೆ ಬಂದಿದ್ದಳು. ಸೀರೆಗಳ ನಡುವೆ ಸಾರಿನ ಪುಡಿ ಕಟ್ಟಿ ತಂದಿದ್ದಳು. ಒಂದು ಮಧ್ಯಾಹ್ನ ಬದರಿ ಇಲ್ಲದ ಹೊತ್ತು ನೋಡಿ, ಪಕ್ಕದ ಮನೆಯ ಹೆಂಗಸನ್ನು ಕಾಡಿ ತರಿಸಿದ ಕೋಳಿಯಲ್ಲಿ ಸಾರು ಮಾಡಿ ಬಟ್ಟಲಲ್ಲಿ ತಂದಳು. “ಒಂದ್ ಬಟ್ಲು ಕುಡ್ಕೊ ಮಗ. ಬಾಣ್ತಿ ಮೈಗೆ ಸತ್ವ ಬೇಕು ಕಣವ್ವ. ಅವ್ರು ಬರೋಗಂಟ ಮನೆಯೆಲ್ಲಾ ತೊಳ್ದು ಬುಡ್ತೀನಿ.” ಮಂಚದ ಮೇಲೆ ಕೂತಿದ್ದ ರಾಜಿ ಆ ಹಬೆಗೇ ಹೊದಿಕೆಯ ತುಂಬ ವಾಂತಿ ಮಾಡಿಕೊಂಡಿದ್ದಳು. “ಆಚೆ ಚೆಲ್ಲವ್ವ ಅದನ್ನ, ವಾಸ್ನೆ!” ಎಂದು ಕಿರುಚಿದ್ದಳು. ಅವ್ವ ಹೊದಿಕೆ ಒಗೆದಳು. ಸಾರನ್ನು ಹಿಂದಿನ ಗಿಡಗಳ ಬುಡಕ್ಕೆ ಸುರಿದು, ಪಾತ್ರೆಯನ್ನು ಹುಣಿಸೆಹಣ್ಣಿನಲ್ಲಿ ಉಜ್ಜಿದಳು. ವಾಪಸ್ಸು ಹೋಗುವವರೆಗೂ ಸೊಪ್ಪಿನ ಸಾರು ಉಂಡಳು. ಆ ಮಾತನ್ನು ಮತ್ತೆ ಎತ್ತಲೇ ಇಲ್ಲ. ಅವ್ವ ಈಗ ಇಲ್ಲ.

ತನ್ವಿ ಹುಟ್ಟಿದ್ದು ಅಕ್ಟೋಬರಿನಲ್ಲಿ. ಆ ನವೆಂಬರಿನಲ್ಲೂ ರಿಲೀಸ್ ಇತ್ತು. ರಾತ್ರಿ ಬಂದವನು ಮಗುವನ್ನು ಮುಟ್ಟುವ ಮೊದಲು ನೇರ ಸ್ನಾನಕ್ಕೆ ಹೋಗಿದ್ದ. ಎಷ್ಟು ಶುದ್ಧ ನೋಡು ಇವರು ಎಂದು ಅವ್ವನ ಮುಂದೆ ಹೇಳಿಕೊಂಡಿದ್ದಳು ರಾಜಿ.

ಸಿಟ್ಟು ಬರುವುದೆಂದು ಬಚ್ಚಲಿನಲ್ಲಿ ಬಹಳ ಹೊತ್ತು ಕಾದಳು. ಬಂದದ್ದು ಓಕರಿಕೆ. ಬಾಗಿಲ ಸಂದಿಯಿಂದ ಬೆಣ್ಣೆಯೂ ಕೊಬ್ಬೂ ಕರಗುವ ನಾತ ಒಳಗೆ ನುಸುಳತೊಡಗಿತ್ತು.

ಸಂಜೆ ಸುಧಾಮಣಿ ಬಾಗಿಲಲ್ಲೇ ಕೋಟು ಬಿಚ್ಚುತ್ತ, “ಏನ್ ಘಮಾ ಬರಾಕತ್ತೈತ್ರಿ ಬೀಗರ! ಲಿಫ್ಟಿನಾಗ ಬಂತ್ರಿ ನನಗ!” ಎಂದರು. ದೊಡ್ಡ ದನಿ, ದೊಡ್ಡ ಕುಂಕುಮ. ರಾಜಿಯನ್ನು ತಬ್ಬಿಕೊಂಡರು. ಕಿಟಕಿಯ ಪಕ್ಕದ ಮೇಜಿನ ಒಂದು ತುದಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಹಕ್ಕಿ, ಇನ್ನೊಂದು ತುದಿಯಲ್ಲಿ ಕುಂಬಳಕಾಯಿ. ಬದರಿ ಕುಂಬಳಕಾಯಿಯ ಕಡೆ ಕೂತ. ಗಂಡನ ಪಕ್ಕ ರಾಜಿ ಕೂತಳು. ರಿಷಿ ಕೊಯ್ದಾಗ ಹಕ್ಕಿಯ ಎದೆಯಿಂದ ಎಣ್ಣೆನೀರು ಹರಿದು ತಟ್ಟೆಯ ಅಂಚಿಗೆ ಬಂತು. ಒಳಗಿದ್ದ ಉಪ್ಪಿಟ್ಟು ಹಳದಿಗೆ ತಿರುಗಿ, ಊದಿಕೊಂಡು, ತಾನಾಗಿ ಹೊರಗೆ ಉಕ್ಕುತ್ತಿತ್ತು.

“ನೀವಿಬ್ರೂ ತಿನ್ನಂಗಿಲ್ಲಂತ ತನ್ವಿ ಹೇಳ್ಯಾಳ್ರಿ,” ಎಂದರು ಸುಧಾಮಣಿ. “ನಮ್ಮ ತಾಟು ನೋಡಿ ನಿಮಗ ಹೇಸಿಕಿ ಆದೀತು. ಬೇಕಾದ್ರ ಆ ಕಡಿ ತಿರುಗಿ ಕೂಡ್ತೀನಿ ನೋಡ್ರಿ.”

“ಛೆ ಛೆ, ಅದೆಲ್ಲ ಏನಿಲ್ಲ,” ಎಂದ ಬದರಿ. ಕರವಸ್ತ್ರದಿಂದ ತುಟಿ ಒತ್ತಿಕೊಂಡ. “ನಮ್ಮ ಮನೆತನದಲ್ಲಿ ಮೊದಲಿನಿಂದ ಅಭ್ಯಾಸ ಇಲ್ಲ ನೋಡಿ. ನನಗೇನೋ ಪರವಾಗಿಲ್ಲ. ಇವಳಿಗಂತೂ ವಾಸನೆ ಕೂಡ ಆಗಲ್ಲ, ಪಾಪ.”

ತನ್ವಿ ತಲೆ ತಗ್ಗಿಸಿದಳು. ನಗು ತಡೆಯುತ್ತಿದ್ದಳೋ ಏನೋ.

ರಾಜಿ ಎದ್ದಳು. ಮೇಜಿನ ಆ ತುದಿಗೆ ಹೋಗಿ ಹಕ್ಕಿಯೊಳಗೆ ಇಟ್ಟಿದ್ದ ದೊಡ್ಡ ಚಮಚ ಹಿಡಿದಳು. ಅದರ ಹಿಡಿ ಜಿಡ್ಡುಜಿಡ್ಡಾಗಿತ್ತು. ಆಳಕ್ಕೆ ಇಳಿಸಿ ತುಂಬಿಕೊಂಡು, ಹನಿ ಬೀಳದಂತೆ ಕೆಳಗೆ ಅಂಗೈ ಹಿಡಿದು ತಂದು, ಮೂವತ್ತು ವರ್ಷ ಬಡಿಸಿದ ಅದೇ ಓರಣದಲ್ಲಿ ಬದರಿಯ ತಟ್ಟೆಯ ಬಲಭಾಗಕ್ಕೆ ಬಡಿಸಿದಳು. ಮೇಲೊಂದು ತುಂಡು ಚರ್ಮವೂ ಬಂದಿತ್ತು.

“ತಿನ್ನಿ.”

“ಅಮ್ಮ,” ಎಂದಳು ತನ್ವಿ ಮೆಲ್ಲಗೆ.

ಬದರಿ ಹೆಂಡತಿಯನ್ನು ನೋಡಿದ, ಬೀಗಿತ್ತಿಯನ್ನು ನೋಡಿದ, ತಟ್ಟೆಯನ್ನು ನೋಡಿದ. ಅವಳ ಲೆಕ್ಕದಲ್ಲಿ ಅವನು ತಡವರಿಸಬೇಕಿತ್ತು. ನೀರು ಕುಡಿದು ಎದ್ದುಹೋಗಬೇಕಿತ್ತು. ಅವನು ಫೋರ್ಕು ಎತ್ತಿಕೊಂಡ. ಒಂದು ತುತ್ತು ಇಳಿಯಿತು, ಇನ್ನೊಂದು ಇಳಿಯಿತು. ಮೂರನೆಯದಕ್ಕೆ ಅವನ ಭುಜ ಸಡಿಲಾಯಿತು. ಅಲ್ಲಿ ತನಕ ಅವನ ಭುಜ ಬಿಗಿಯಾಗಿತ್ತು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

“ಸಬ್ಬಸಿಗೆ ಚೆನ್ನಾಗಿ ಹಿಡಿದಿದೆ,” ಎಂದ. ಗದ್ದದ ಮೇಲೆ ಕೊಬ್ಬು ಮಿನುಗಿತು. ಚರ್ಮದ ತುಂಡನ್ನು ಬೆರಳಲ್ಲೇ ಎತ್ತಿ ಬಾಯಿಗಿಟ್ಟು, ಬೆರಳು ಚೀಪಿದ.

“ಹಂಗಾರ ತಿಂತೀರಲ್ರೀ!” ಸುಧಾಮಣಿ ಚಪ್ಪಾಳೆ ತಟ್ಟಿದರು. “ಸುಮ್ಮ ನಮ್ಮನ್ನ ಹೆದರಿಸಿದ್ರಿ ನೋಡ್ರಿ. ಏ ರಿಷಿ, ಆ ತೊಡಿ ಹರಿದು ಹಾಕೋ ಬೀಗರ ತಾಟಿಗೆ!”

ಎಲ್ಲರೂ ನಕ್ಕರು. ಬದರಿಯೂ ನಕ್ಕ, ರಾಜಿ ಬಹಳ ವರ್ಷಗಳಿಂದ ಕೇಳದಿದ್ದ ಒಂದು ಹಗುರವಾದ ನಗು. ತನ್ವಿ ಅಮ್ಮನ ಭುಜ ಒತ್ತಿ “ದಟ್ ವಾಸ್ ಸೋ ಸ್ವೀಟ್” ಎಂದಳು. ಅವನ ತಟ್ಟೆಗೆ ತೊಡೆ ಬಂತು. ಅವನು ಅದರ ಮೂಳೆ ಹಿಡಿದು ಕೀಲಿನಲ್ಲಿ ತಿರುಚಿ, ಲೊಟಕ್ಕನೆ ಬಿಡಿಸಿಕೊಂಡ.

ರಾಜಿಯ ಕೈಯಲ್ಲಿ ಚಮಚ ಇನ್ನೂ ಇತ್ತು. ಅದರ ತಳದಲ್ಲಿ ಒಂದಿಷ್ಟು ಉಳಿದಿತ್ತು. ಕೂತು, ಅದರಿಂದ ಒಂದೇ ಒಂದು ಅವರೆಬೇಳೆಯನ್ನು ಬೆರಳಲ್ಲಿ ಆರಿಸಿ ಬಾಯಿಗೆ ಹಾಕಿಕೊಂಡಳು. ಯಾರೂ ಗಮನಿಸಲಿಲ್ಲ. ಬೇಳೆ ನಾಲಿಗೆಯ ಮೇಲೆ ಜಾರಿತು. ಅದರ ಮೈಮೇಲಿನ ಕೊಬ್ಬು ಕರಗಿ ಹಲ್ಲಿನ ಸಂದಿಗೆಲ್ಲ ಹರಿಯಿತು. ನಾಲಿಗೆಗೆ ಆ ರುಚಿ ಗೊತ್ತಿತ್ತು. ನುಂಗಲು ನೋಡಿದಳು. ಇಳಿಯಲಿಲ್ಲ. ಉಗುಳಲು ಕಾಗದದ ನ್ಯಾಪ್‌ಕಿನ್ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು.

“ಬೀಗರ, ಇದಕ್ಕ ಏನೇನ್ ಹಾಕೀರಿ? ಹೇಳ್ರಿ ನನಗ,” ಎಂದರು ಸುಧಾಮಣಿ, ರಾಜಿಯ ಕಡೆ ಬಾಗಿ. “ಮುಂದಿನ ವರ್ಷ ನಮ್ಮ ಮನ್ಯಾಗ ಇದನ್ನ ಮಾಡೋಣು.”

ನಗು ನಿಂತಿತು. ಎಲ್ಲರೂ ಅವಳ ಕಡೆ ತಿರುಗಿದರು. ಬದರಿಯೂ, ಮೂಳೆಯನ್ನು ಅರ್ಧಕ್ಕೆ ಹಿಡಿದು.

ರಾಜಿ ತುಟಿ ಬಿಗಿದುಕೊಂಡೇ ಮುಗುಳ್ನಕ್ಕು, ಒಂದು ನಿಮಿಷ ಎನ್ನುವಂತೆ ಕೈ ಎತ್ತಿದಳು. ಬೇಳೆ ಅಂಗುಳಿಗೂ ನಾಲಿಗೆಗೂ ನಡುವೆ ಬೆಚ್ಚಗೆ, ಇಡಿಯಾಗಿ ಕೂತಿತ್ತು.