ಪೋಣಿಸಿಟ್ಟ ಸೂಜಿಗಳು

ನನ್ನ ಗಂಡ ದರ್ಜಿ. ಮೂವತ್ತು ವರ್ಷ ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಕುತ್ತಿಗೆಯ ಮೂಳೆ ಸವೆಸಿಕೊಂಡರು. ಕೊನೆಗೆ ಆಪರೇಷನ್ ಮಾಡಿಸದೆ ವಿಧಿಯಿರಲಿಲ್ಲ.

ಕುತ್ತಿಗೆಯ ಮುಂಭಾಗದಿಂದ ಕೊಯ್ದಿದ್ದರು; ಹನ್ನೆರಡನೇ ದಿನ ಗಂಟಲ ಪಕ್ಕದ ಹೊಲಿಗೆ ಬಿಚ್ಚಿದರು. ಇವರು ಕನ್ನಡಿ ಮುಂದೆ ನಿಂತು, "ಡಾಕ್ಟರ ಕೈ ನನಗಿಂತ ಚೆನ್ನಾಗಿದೆ ಕಣೇ" ಅಂದರು. ಗಾಯ ಒಣಗಿತ್ತು, ಕೆಂಪಿರಲಿಲ್ಲ. ಗಿರಾಕಿಯ ಅಂಗಿಯನ್ನು ಒಳಮಗ್ಗುಲು ತಿರುಗಿಸಿ ನೋಡದೆ ಕೊಡುವವರಲ್ಲ ನಾವು. ಇಲ್ಲಿ ಮಾತ್ರ ಮೇಲಿನ ಹೊಲಿಗೆಯನ್ನೇ ನಂಬಿಬಿಟ್ಟೆವು.

ಮಿಷನ್ ಮುಟ್ಟುವ ಹಾಗಿರಲಿಲ್ಲ. ಸುಮ್ಮನೆ ಕೂರುವ ಜೀವವೇ ಅದು? ಕುತ್ತಿಗೆಗೆ ಬೆಲ್ಟ್ ಹಾಕಿಕೊಂಡೇ ಅಂಗಡಿಯಲ್ಲಿ ಗುಂಡಿ ಹಚ್ಚತೊಡಗಿದರು. ಮೂರು ದಿನ ಕಳೆದ ಮೇಲೆ, "ಲೇ, ಒಂದು ಸೂಜಿ ಪೋಣಿಸಿಕೊಡು" ಅಂದರು. ಮಾತಾಡುತ್ತಲೇ, ಸೂಜಿ ನೋಡದೆ ದಾರ ಹಾಯಿಸುವ ಮನುಷ್ಯ!

"ವಯಸ್ಸಾಯ್ತು, ಕನ್ನಡಕ ತಗೊಳ್ಳಿ" ಅಂತ ರೇಗಿಸಿದೆ.

"ಹೂಂ, ಹಾಗೇ ಅನ್ಸುತ್ತೆ."

ಅಂದಿನಿಂದ ದಿನಾ ಬೆಳಿಗ್ಗೆಯೇ ಹತ್ತು ಸೂಜಿ ಪೋಣಿಸಿ ಸೂಜಿದಿಂಬಿಗೆ ಚುಚ್ಚಿಡುತ್ತಿದ್ದೆ. ಎಂಥ ಹೆಂಡತಿ ನಾನು ಅಂತ ನನಗೇ ಹೆಮ್ಮೆ ಬೇರೆ. ಗಂಟಲು ನೋವೆಂದು ಇವರು ಗಂಜಿಯನ್ನೂ ಅರ್ಧಕ್ಕೇ ಬಿಡುತ್ತಿದ್ದರು. ಆಪರೇಷನ್ ಆದವರಿಗೆ ಅದೆಲ್ಲ ಇದ್ದದ್ದೇ ಅಂದುಕೊಂಡೆ.

ನಾಲ್ಕನೇ ಸಂಜೆ ನೋಡಿದರೆ ಎಂಟು ಸೂಜಿ ಹಾಗೇ ಉಳಿದಿದ್ದವು. ಇವರ ಕೈ ಮುಟ್ಟಿದೆ, ಸುಡುತ್ತಿತ್ತು.

"ರೀ, ನಿಮ್ಮ ಅಂಗಿ ಗುಂಡಿ ಹಾಕ್ಕೊಳ್ಳಿ ನೋಡೋಣ."

ಬೆರಳುಗಳು ಗುಂಡಿಯ ಸುತ್ತ ತಡಕಾಡಿದವು. ಸಾವಿರಾರು ಗುಂಡಿ ಹಚ್ಚಿದ ಕೈಗೆ ತನ್ನದೇ ಅಂಗಿಯ ಒಂದು ಗುಂಡಿ ದಕ್ಕಲಿಲ್ಲ.

"ಕಣ್ಣಲ್ಲ ಅಲ್ವಾ?"

"ಕಣ್ಣು ಸರಿಯಾಗೇ ಇದೆ. ಹೇಳಿದ್ರೆ ನೀನು ಹೆದರ್ತೀಯ ಅಂತ…"

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಇದು ತೀರಾ ಅಪರೂಪ ಅಮ್ಮಾ. ಮೇಲೆ ವಾಸಿಯಾಗಿದೆ. ಆದ್ರೆ ಆಳದಲ್ಲಿ ಕೀವು ತುಂಬ್ಕೊಂಡು ಬೆನ್ನುಹುರಿನ ಒತ್ತುತ್ತಾ ಇದೆ. ಈಗಲೇ ತೆಗೀಬೇಕು. ಕೈ ಯಾವಾಗಿಂದ ಸೋತಿದೆ?"

ನಾನು ಸೂಜಿ ಪೋಣಿಸಿಟ್ಟ ದಿನಗಳ ಲೆಕ್ಕ ಅದು. "ನಾಲ್ಕು ದಿನ" ಅಂದೆ.

ಡಾಕ್ಟರು ಅದನ್ನು ಬರೆದುಕೊಂಡರು. ಮೊದಲೇ ಬರಬಾರದಿತ್ತೇ ಎಂದು ಅವರು ಕೇಳಲಿಲ್ಲ. ನನ್ನನ್ನು ನಾನೇ ಕೇಳಿಕೊಂಡೆ. ಕೈ ಉಳಿಯುತ್ತಾ ಅಂದಾಗ, "ಮೊದ್ಲು ಜೀವ ನೋಡೋಣ" ಅಂದರು.

ಸ್ಟ್ರೆಚರಿನ ಮೇಲೆ ಮಲಗಿದ್ದ ಇವರು ನನ್ನ ಕೈ ಹಿಡಿಯಲು ನೋಡಿದರು. ಹಿಡಿತ ಸಿಗಲಿಲ್ಲ. ನಾನೇ ಹಿಡಿದುಕೊಂಡೆ.

"ಇನ್ಮೇಲೆ ಸೂಜಿ ಪೋಣಿಸಿಡಬೇಡ. ಬಂದು ನಾನೇ ಪೋಣಿಸ್ಕೋತೀನಿ."

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಹೊರಡುವ ಗಡಿಬಿಡಿಯಲ್ಲಿ ಸೂಜಿದಿಂಬು ನನ್ನ ಚೀಲ ಸೇರಿತ್ತು. ಬೆಂಚಿನ ಮೇಲೆ ಕೂತು ಒಂದೊಂದೇ ಸೂಜಿಯಿಂದ ದಾರ ಎಳೆದು ತೆಗೆದೆ. ಎಂಟೂ ಬರಿದಾದವು. ಬಾಗಿಲು ಇನ್ನೂ ತೆರೆದಿಲ್ಲ. ನನಗೆ ಭಯವಾಗುತ್ತಿದೆ.